ಒಬ್ಬನ ಮರಳು, ಇನ್ನೊಬ್ಬನ ಗುಂಡಿ

1973ರ ಜುಲೈ 2ರಂದು ಕೇಪ್‌ಟೌನಿನ ‘ದ ಸ್ಪೇಸ್’ ರಂಗಮಂದಿರದಲ್ಲಿ ಮೊದಲ ಪ್ರಯೋಗ ಕಂಡ ‘ದಿ ಐಲ್ಯಾಂಡ್’ ನಾಟಕ ಮಾತಿಲ್ಲದೆ ಶುರುವಾಗುತ್ತದೆ. ತಲೆ ಬೋಳಿಸಿಕೊಂಡು ಖಾಕಿ ಚಡ್ಡಿ ತೊಟ್ಟ ಇಬ್ಬರು ಕೈದಿಗಳು ರಂಗದ ಎರಡು ತುದಿಗಳಲ್ಲಿ ನಿಂತು ಮರಳು ಅಗೆಯುತ್ತಾರೆ. ಅಗೆದದ್ದನ್ನು ಕೈಗಾಡಿಗೆ ತುಂಬಿ, ಏದುಸಿರು ಬಿಡುತ್ತ ಇನ್ನೊಂದು ತುದಿಗೆ ತಳ್ಳಿ, ಅಲ್ಲಿ ಸುರಿದು, ಮರಳಿ ಬಂದು ಮತ್ತೆ ಅಗೆಯುತ್ತಾರೆ. ನಿಜವಾದ ಮರಳಾಗಲಿ ಸಲಿಕೆಯಾಗಲಿ ಗಾಡಿಯಾಗಲಿ ರಂಗದ ಮೇಲಿಲ್ಲ, ಎಲ್ಲವೂ ಮೂಕಾಭಿನಯ. ನಿಮಿಷಗಳು ಕಳೆಯುತ್ತವೆ, ನಟರ ಮೈಮೇಲೆ ನಿಜವಾದ ಬೆವರು ಹರಿಯುತ್ತದೆ, ಪ್ರೇಕ್ಷಕರು ಕುರ್ಚಿಯಲ್ಲಿ ಮಿಸುಕಾಡತೊಡಗುತ್ತಾರೆ. ದಕ್ಷಿಣ ಆಫ್ರಿಕಾದ ಸೆರೆವಾಸವನ್ನು ಕುರಿತ ಈ ನಾಟಕದ ಬಗ್ಗೆ ಬರೆದವರಲ್ಲಿ ಬಹಳ ಮಂದಿ ಈ ದೃಶ್ಯಕ್ಕೆ ಗ್ರೀಕ್ ಪುರಾಣದ ಸಿಸಿಫಸ್‌ನ ಹೆಸರು ಹಚ್ಚಿ ಮುಂದೆ ಸಾಗುತ್ತಾರೆ. ಬೆಟ್ಟದ ತುದಿಗೆ ಬಂಡೆ ಉರುಳಿಸುವುದು, ಅದು ಕೆಳಗುರುಳಿದರೆ ಮತ್ತೆ ಉರುಳಿಸುವುದು: ಫಲವಿಲ್ಲದ, ಕೊನೆಯಿಲ್ಲದ ದುಡಿಮೆ. ಹೋಲಿಕೆ ಪೂರ್ತಿ ತಪ್ಪೇನೂ ಅಲ್ಲ. ಆದರೆ ಸಿಸಿಫಸ್ ಒಂಟಿ, ಇಲ್ಲಿ ಇಬ್ಬರಿದ್ದಾರೆ. ದೃಶ್ಯದ ತಿರುಳಿರುವುದು ಆ ಸಂಖ್ಯೆಯಲ್ಲಿ. ಒಬ್ಬ ಕೈದಿಯನ್ನು ಇನ್ನೊಬ್ಬನ ಶಿಕ್ಷೆಗೆ ಉಪಕರಣವಾಗಿ ಬಳಸುವ ಹಳೆಯ ವಿದ್ಯೆಯೊಂದನ್ನು ಆ ಕಾಣದ ಮರಳು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ ಎಂಬುದು ನನ್ನ ವಾದ.

ಮೊದಲು ನಾಟಕ ಹುಟ್ಟಿದ ಬಗೆಯನ್ನು ನೋಡಬೇಕು. ಆಗಿನ ಪೋರ್ಟ್ ಎಲಿಜಬೆತ್ ನಗರದ ಕಪ್ಪುಜನರ ಬಡಾವಣೆ ನ್ಯೂ ಬ್ರೈಟನ್. ಅಲ್ಲಿನ ಹವ್ಯಾಸಿ ಕಲಾವಿದರು ಬಿಳಿಯ ನಾಟಕಕಾರ ಅಥೋಲ್ ಫುಗಾರ್ಡ್ ಜೊತೆ ಸೇರಿ 1963ರಲ್ಲಿ ‘ಸರ್ಪೆಂಟ್ ಪ್ಲೇಯರ್ಸ್’ ತಂಡ ಕಟ್ಟಿದರು. ತಂಡದ ಸದಸ್ಯರು ಒಬ್ಬೊಬ್ಬರಾಗಿ ಪೊಲೀಸರ ಕೈಗೆ ಸಿಕ್ಕರು. 1965ರಲ್ಲಿ ಸೊಫೊಕ್ಲಿಸ್‌ನ ‘ಅಂತಿಗೊನೆ’ಯ ತಾಲೀಮು ನಡೆಯುತ್ತಿರುವಾಗಲೇ ಹೈಮನ್‌ನ ಪಾತ್ರಧಾರಿ ಬಂಧನಕ್ಕೊಳಗಾಗಿ ರಾಬೆನ್ ದ್ವೀಪದ ಸೆರೆಮನೆ ಸೇರಿದ. ತಾನು ಆಡಬೇಕಿದ್ದ ನಾಟಕವನ್ನು ಆತ ಅಲ್ಲೇ, ಕೈದಿಗಳ ಮನರಂಜನೆ ಕಾರ್ಯಕ್ರಮದಲ್ಲಿ, ಜೊತೆಗಾರನೊಬ್ಬನೊಂದಿಗೆ ತುಣುಕಾಗಿ ಆಡಿದ. ಹೊರಗೆ ಆ ಪಾತ್ರಕ್ಕೆ ಬಂದ ಹೊಸ ನಟ ಜಾನ್ ಕಾನಿ. ಮುಂದೆ ಕಾನಿ, ವಿನ್‌ಸ್ಟನ್ ಎನ್‌ಚೋನಾ ಮತ್ತು ಫುಗಾರ್ಡ್ ಮೂವರೂ ಸೇರಿ, ಬಿಡುಗಡೆಯಾಗಿ ಬಂದವರ ಅನುಭವಗಳ ಮೇಲೆ ‘ದಿ ಐಲ್ಯಾಂಡ್’ ಕಟ್ಟಿದರು. ನಾಟಕದ ಇಬ್ಬರು ಕೈದಿಗಳಿಗೆ ನಟರ ಸ್ವಂತ ಹೆಸರುಗಳೇ ಉಳಿದವು: ಜಾನ್, ವಿನ್‌ಸ್ಟನ್. ಪೊಲೀಸರ ಕೈಗೆ ಸಿಕ್ಕೀತೆಂದು ಆರಂಭದಲ್ಲಿ ಲಿಖಿತ ಪಠ್ಯವನ್ನೇ ಇಟ್ಟುಕೊಂಡಿರಲಿಲ್ಲ. ಮೊದಲ ಪ್ರಯೋಗದ ಹೆಸರಲ್ಲಿ ದ್ವೀಪದ ಸುಳಿವೂ ಇರಲಿಲ್ಲ. ಹೊದೋಶೆ ಎಂಬ ಅಡ್ಡಹೆಸರಿನ ವಾರ್ಡರನ ಕೂಲಿತಂಡ ಎಂಬರ್ಥದ ‘ಡೀ ಹೊದೋಶೆ ಸ್ಪಾನ್’ ಎಂದು ಕರೆದರು. ನಟನೆ ಕಪ್ಪುಜನರ ಉದ್ಯೋಗವೆಂದು ಸರ್ಕಾರದ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಕಾನಿ, ಎನ್‌ಚೋನಾ ಇಬ್ಬರೂ ಕಾಗದದಲ್ಲಿ ಫುಗಾರ್ಡ್ ಮನೆಯ ಆಳುಗಳಾಗಿದ್ದರು.

ಇಷ್ಟೊಂದು ಎಚ್ಚರಿಕೆಗೆ ಕಾರಣವಿತ್ತು. 1959ರ ಸೆರೆಮನೆ ಕಾಯಿದೆಯ ಪ್ರಕಾರ, ಸೆರೆಮನೆಯ ಸ್ಥಿತಿಗತಿಗಳ ಬಗ್ಗೆ ಸುಳ್ಳು ಮಾಹಿತಿ ಪ್ರಕಟಿಸುವುದು ಅಪರಾಧವಾಗಿತ್ತು. ಸತ್ಯವನ್ನು ಖಚಿತಪಡಿಸಿಕೊಳ್ಳಲು ತಕ್ಕ ಪ್ರಯತ್ನ ಮಾಡಿದ್ದೇವೆಂದು ತೋರಿಸುವ ಹೊಣೆ ಪ್ರಕಟಿಸಿದವರದೇ ಆಗಿತ್ತು. 1965ರಲ್ಲಿ ಸೆರೆಮನೆಗಳ ದುಃಸ್ಥಿತಿಯ ಲೇಖನಮಾಲೆ ಪ್ರಕಟಿಸಿದ ‘ರ್‍ಯಾಂಡ್ ಡೈಲಿ ಮೇಲ್’ ಪತ್ರಿಕೆಯ ಸಂಪಾದಕ ಲಾರೆನ್ಸ್ ಗ್ಯಾಂಡರ್ ಮತ್ತು ವರದಿಗಾರ ಬೆಂಜಮಿನ್ ಪೋಗ್ರಂಡ್ ವರ್ಷಗಟ್ಟಲೆ ಕೋರ್ಟು ಅಲೆದು 1969ರಲ್ಲಿ ಅಪರಾಧಿಗಳೆನಿಸಿದರು. ಪತ್ರಿಕೆಗಳು ಬಾಯಿ ಮುಚ್ಚಿಕೊಳ್ಳಲು ಇಷ್ಟು ಸಾಕಾಯಿತು. ಕೇಪ್‌ಟೌನಿನ ದಡದಿಂದ ನೋಡಿದರೆ ಕಾಣುವಷ್ಟು ಹತ್ತಿರದಲ್ಲಿ ದ್ವೀಪವಿದೆ; ಅಲ್ಲಿ ನಡೆಯುವುದು ಮಾತ್ರ ಆಗ ಯಾರಿಗೂ ಕಾಣುವಂತಿರಲಿಲ್ಲ. ಈ ಹಿನ್ನೆಲೆಯಲ್ಲಿ ಮೂಕಾಭಿನಯಕ್ಕೆ ಇನ್ನೊಂದು ಕೆಲಸವೂ ದಕ್ಕುತ್ತದೆ. ಬರೆದದ್ದನ್ನು ಜಪ್ತಿ ಮಾಡಬಹುದು, ಹೇಳಿದ್ದನ್ನು ಸುಳ್ಳೆಂದು ವಾದಿಸಬಹುದು. ಇಬ್ಬರು ಮನುಷ್ಯರು ಖಾಲಿ ಕೈಯಲ್ಲಿ ಬಾಗಿ ಏಳುವುದನ್ನು ಯಾವ ಕಲಮಿನಡಿ ತರುವುದು?

ಈಗ ಆ ದುಡಿಮೆಯ ಲೆಕ್ಕಾಚಾರವನ್ನು ಬಿಡಿಸಿ ನೋಡೋಣ. ಒಬ್ಬನ ಕೈಗೆ ಒಂದು ಗುಂಡಿ ಕೊಟ್ಟು ಅಗೆ ಎಂದರೆ ಎಂದಾದರೊಂದು ದಿನ ಅದು ಆಳವಾಗುತ್ತದೆ. ಒಂದು ಗುಡ್ಡೆ ಹಾಕು ಎಂದರೆ ಅದು ಎತ್ತರವಾಗುತ್ತದೆ. ಇಲ್ಲಿ ಎರಡೂ ಆಗದಂತೆ ನೋಡಿಕೊಳ್ಳಲು ವಾರ್ಡರ್ ಬೆವರು ಸುರಿಸಬೇಕಾಗಿಲ್ಲ. ಜಾನ್ ತೋಡಿದ ಗುಂಡಿಯನ್ನು ವಿನ್‌ಸ್ಟನ್ ತುಂಬುತ್ತಾನೆ, ವಿನ್‌ಸ್ಟನ್ ತೋಡಿದ್ದನ್ನು ಜಾನ್. ಒಬ್ಬ ಎಷ್ಟು ಚುರುಕಾಗಿ ದುಡಿದನೋ ಇನ್ನೊಬ್ಬನಿಗೆ ಅಷ್ಟೇ ಹೆಚ್ಚು ಕೆಲಸ. ಈ ಓದನ್ನು ನಾವು ಹೊರಗಿನಿಂದ ನಾಟಕಕ್ಕೆ ಹೇರಬೇಕಾಗಿಲ್ಲ. ಕೋಣೆಗೆ ಮರಳಿದ ಮೇಲೆ ಜಾನ್ ತನ್ನ ಜೊತೆಗಾರನಿಗೆ ಅದನ್ನೇ ಹೇಳುತ್ತಾನೆ. ಬೆಳಿಗ್ಗೆ ಸಮುದ್ರತೀರಕ್ಕೆ ಕರೆದಾಗ, ಕಡಲ ನೀರನ್ನು ಗುಂಡಿಗೆ ಹೊಯ್ಯುವ ಹಳೆಯ ಶಿಕ್ಷೆಯೇ ಇರಬೇಕೆಂದು ಅವನು ಸುಮ್ಮನಿದ್ದ. ಎರಡು ಗಾಡಿಗಳನ್ನು ಕಂಡು ಉಪಾಯ ಹೊಳೆದಾಗ ಮೊದಲು ನಗು ಬಂತು, ಆಮೇಲೆ ನಗು ನಿಂತಿತು, ಆಮೇಲೆ ಗೆಳೆಯನ ಮೇಲೆ ದ್ವೇಷ ಹುಟ್ಟಿತು. ಇದು ನಿನ್ನಿಂದಾಗಿ ನನಗೆ ಮುಗಿಯುವುದಿಲ್ಲ, ನನ್ನಿಂದಾಗಿ ನಿನಗೆ ಮುಗಿಯುವುದಿಲ್ಲ ಎಂಬುದು ಅವನ ಮಾತಿನ ಸಾರ. ಹೊದೋಶೆಗೆ ಬೇಕಾದದ್ದೂ ಇದೇ ಎಂದು ವಿನ್‌ಸ್ಟನ್ ಗುರುತಿಸುತ್ತಾನೆ. ಇಲ್ಲಿ ನಾಟಕವೇ ಎರಡು ಶಿಕ್ಷೆಗಳನ್ನು ಅಕ್ಕಪಕ್ಕ ಇಟ್ಟು ತೂಗಿದೆ. ಕಡಲನ್ನು ಗುಂಡಿಗೆ ಸುರಿಯುವುದು ಸಿಸಿಫಸ್‌ನ ಬಗೆಯದು. ಜಾನ್ ಅದಕ್ಕೆ ಒಗ್ಗಿಹೋಗಿದ್ದಾನೆ. ತಡೆಯಲಾಗದ್ದು ಎರಡು ಗಾಡಿಗಳ ಶಿಕ್ಷೆ. ಕೆಲಸ ಮುಗಿದ ಮೇಲೆ ಇಬ್ಬರನ್ನೂ ಒಂದೇ ಕೋಳಕ್ಕೆ ಬಿಗಿದು ಓಡಿಸುವುದರಲ್ಲೂ ಇದೇ ತರ್ಕ: ಒಬ್ಬ ಎಡವಿದರೆ ಇಬ್ಬರಿಗೂ ಏಟು.

ಇದು ನಾಟಕಕಾರರ ಕಲ್ಪನೆಯಲ್ಲಿ ಮೊದಲ ಬಾರಿಗೆ ಹುಟ್ಟಿದ ಕ್ರೌರ್ಯವಲ್ಲ. ಅದರ ವಂಶಾವಳಿ ಹತ್ತೊಂಬತ್ತನೇ ಶತಮಾನದ ಸೆರೆಮನೆಗಳಲ್ಲಿದೆ. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯುಬಿಟ್ 1818ರ ಸುಮಾರಿಗೆ ಕೈದಿಗಳು ತುಳಿಯುವ ಚಕ್ರವನ್ನು ರೂಪಿಸಿದ. ಎಷ್ಟೋ ಕಡೆ ಅದು ಹಿಟ್ಟು ಬೀಸಲಿಲ್ಲ, ನೀರೂ ಎತ್ತಲಿಲ್ಲ, ಸುಮ್ಮನೆ ತಿರುಗಿತು. ಆಮೇಲೆ ಕೈಯಿಂದ ತಿರುಗಿಸುವ ಪೆಟ್ಟಿಗೆ ಬಂತು. ದಿನಕ್ಕೆ 10,000 ಸುತ್ತು ತಿರುಗಿಸಬೇಕೆಂಬ ಲೆಕ್ಕವೂ ಬಂತು. ಭಾರತಕ್ಕೂ ಈ ಚಿಂತನೆ ತಲುಪಿತ್ತು: ಮೆಕಾಲೆಯ ಸೂಚನೆಯಂತೆ ನೇಮಕವಾಗಿ 1838ರಲ್ಲಿ ವರದಿ ಕೊಟ್ಟ ಸೆರೆಮನೆ ಶಿಸ್ತು ಸಮಿತಿ, ಕೈದಿಗಳನ್ನು ರಸ್ತೆ ಕೆಲಸಕ್ಕೆ ಕಳಿಸುವುದನ್ನು ಬಿಟ್ಟು ಗೋಡೆಯೊಳಗೇ ಬೇಸರ ತರುವ ಏಕತಾನದ ದುಡಿಮೆಗೆ ಹಚ್ಚಬೇಕೆಂದಿತು. ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರದ್ದು ಫಿರಂಗಿ ಗುಂಡಿನ ಕವಾಯತು. ಲಂಡನ್ನಿನ ಕೋಲ್ಡ್‌ಬಾತ್ ಫೀಲ್ಡ್ಸ್ ಸೆರೆಮನೆಯಲ್ಲಿ ನಡೆಯುತ್ತಿದ್ದ ಇದನ್ನು 1862ರ ಪುಸ್ತಕವೊಂದರಲ್ಲಿ ಹೆನ್ರಿ ಮೇಹ್ಯೂ ವರ್ಣಿಸಿದ್ದಾನೆ. ಸಾಲಿನ ಒಂದು ತುದಿಯಲ್ಲಿ ಗೋಪುರದಂತೆ ಪೇರಿಸಿಟ್ಟ ಕಬ್ಬಿಣದ ಗುಂಡುಗಳನ್ನು ಕೈದಿಯಿಂದ ಕೈದಿಗೆ ದಾಟಿಸುತ್ತ ಇನ್ನೊಂದು ತುದಿಯಲ್ಲಿ ಪೇರಿಸಬೇಕು. ಪೇರಿಸಿ ಮುಗಿದೊಡನೆ ಅವೇ ಗುಂಡುಗಳನ್ನು ಹಿಂದಕ್ಕೆ ದಾಟಿಸಬೇಕು. ಪ್ರತಿಯೊಬ್ಬನಿಗೂ ಭಾರ ಬರುವುದು ಪಕ್ಕದವನ ಕೈಯಿಂದ. ಮಾತಾಡುವುದು ನಿಷಿದ್ಧವಾಗಿದ್ದ ಆ ಸೆರೆಮನೆಯಲ್ಲಿ ಮನುಷ್ಯನಿಗೂ ಮನುಷ್ಯನಿಗೂ ಉಳಿದಿದ್ದ ಕೊಡುಕೊಳ್ಳುವಿಕೆ ಅದೊಂದೇ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ಸೈಬೀರಿಯದ ಓಮ್ಸ್ಕ್ ಸೆರೆಯಿಂದ ಬಂದಿದ್ದ ದಸ್ತಯೇವ್‌ಸ್ಕಿ ತನ್ನ ಸೆರೆವಾಸದ ಕೃತಿಯಲ್ಲಿ, ಮನುಷ್ಯನನ್ನು ಪೂರ್ತಿ ಮುರಿಯಬೇಕಾದರೆ ಮಣ್ಣಿನ ಗುಡ್ಡೆಯನ್ನು ಅತ್ತಿಂದಿತ್ತ ಇತ್ತಿಂದತ್ತ ಸಾಗಿಸುವಂಥ ಕೆಲಸ ಕೊಟ್ಟರೆ ಸಾಕು ಎಂದು ಬರೆದ. ಬ್ರಿಟನ್ 1898ರ ಸೆರೆಮನೆ ಕಾಯಿದೆಯಿಂದ ಚಕ್ರ, ಪೆಟ್ಟಿಗೆಗಳನ್ನು ಕೈಬಿಟ್ಟಿತು. ಆದರೆ ಉಪಕರಣ ಹೋದೊಡನೆ ಅದರ ಹಿಂದಿನ ಬುದ್ಧಿ ಹೋಗುವುದಿಲ್ಲ. ಎರಡು ಗಾಡಿ, ಒಂದಿಷ್ಟು ಮರಳು ಸಿಕ್ಕರೆ ಅದು ಮತ್ತೆ ಕೆಲಸಕ್ಕೆ ಇಳಿಯುತ್ತದೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ರಾಬೆನ್ ದ್ವೀಪದ ನಿಜವಾದ ದುಡಿಮೆ ಇಷ್ಟು ನಿಷ್ಫಲವಾಗಿತ್ತೆ? ಅಲ್ಲಿನ ಕೈದಿಗಳು ಸುಣ್ಣದ ಕಲ್ಲು ಕಡಿದರು, ಕಡಲಪಾಚಿ ಆಯ್ದರು, ಅದು ಗೊಬ್ಬರಕ್ಕೆಂದು ಜಪಾನಿಗೆ ಹೋಗುತ್ತಿತ್ತೆಂದು ನೆಲ್ಸನ್ ಮಂಡೇಲಾ ತಮ್ಮ ಆತ್ಮಕಥೆಯಲ್ಲಿ ಹೇಳುತ್ತಾರೆ. ಹಾಗಾದರೆ ನಾಟಕ ಉತ್ಪ್ರೇಕ್ಷೆ ಮಾಡಿತೆ? ಹೀಗೆ ಕೇಳುವವರು ದುಡಿಮೆಯ ಉತ್ಪನ್ನವನ್ನಷ್ಟೇ ನೋಡುತ್ತಿದ್ದಾರೆ, ಆ ಉತ್ಪನ್ನ ಯಾರ ವಿರುದ್ಧ ಬಳಕೆಯಾಯಿತೆಂಬುದನ್ನು ನೋಡುತ್ತಿಲ್ಲ. ಅರವತ್ತರ ದಶಕದ ಮೊದಲಲ್ಲಿ ಆ ದ್ವೀಪಕ್ಕೆ ಬಂದ ಕೈದಿಗಳು ಕಲ್ಲು ಒಡೆದು ಕಟ್ಟಿದ್ದು ಅದೇ ಸೆರೆಮನೆಯ ಹೊಸ ಕಟ್ಟಡಗಳನ್ನು. ತಾವೇ ಎಬ್ಬಿಸಿದ ಗೋಡೆ ತಮ್ಮನ್ನೂ ತಮ್ಮ ಹಿಂದೆ ಬಂದವರನ್ನೂ ಮುಚ್ಚಿತು. ಉಳಿದದ್ದನ್ನು ವಿಂಗಡಣೆ ಮಾಡಿತು. ಆಫ್ರಿಕನ್ ಕೈದಿಗೆ ಚಡ್ಡಿ, ಭಾರತೀಯ ಮೂಲದ ಹಾಗೂ ಮಿಶ್ರವರ್ಣದ ಕೈದಿಗೆ ಉದ್ದ ಪ್ಯಾಂಟು; ಊಟದಲ್ಲೂ ಭೇದ, ಒಬ್ಬರಿಗೆ ಬ್ರೆಡ್, ಇನ್ನೊಬ್ಬರಿಗೆ ಇಲ್ಲ. ಒಂದೇ ಕಾನೂನನ್ನು ವಿರೋಧಿಸಿ ಒಂದೇ ದೋಣಿಯಲ್ಲಿ ಬಂದವರ ನಡುವೆ ಬಟ್ಟೆ ಮತ್ತು ತಟ್ಟೆಯ ಮೂಲಕ ಅಸೂಯೆಯ ಬೀಜ ಬಿತ್ತುವ ವ್ಯವಸ್ಥೆ ಇದು. ಪ್ರಯೋಗದ ಆರಂಭದಲ್ಲಿ ಕಾಣುವ ಖಾಕಿ ಚಡ್ಡಿ ಈ ಕಾರಣಕ್ಕೆ ಬರೀ ವೇಷಭೂಷಣವಲ್ಲ. ಮಂಡೇಲಾ ಮತ್ತು ಸಂಗಾತಿಗಳು ಅದೇ ಸುಣ್ಣದ ಕಣಿಯನ್ನು ಚರ್ಚೆಯ, ಪಾಠದ ಜಾಗವಾಗಿ ಮಾಡಿಕೊಂಡರೆಂಬುದೂ ನಿಜ. ಆದರೆ ಅದು ಸೆರೆಮನೆ ದಯಪಾಲಿಸಿದ ಅವಕಾಶವಲ್ಲ, ಕೈದಿಗಳು ಸೆರೆಮನೆಯ ಉದ್ದೇಶದ ವಿರುದ್ಧ ಗೆದ್ದುಕೊಂಡದ್ದು. ನಾಟಕದ ಮರಳು ತೋರಿಸುವುದು ಆ ಉದ್ದೇಶವನ್ನು.

ಎರಡನೆಯ ಆಕ್ಷೇಪ ಸಾಹಿತ್ಯದ ಕಡೆಯಿಂದ ಬರುತ್ತದೆ. ಫುಗಾರ್ಡ್ ಆಲ್ಬೆರ್ ಕಮೂವನ್ನು ಬಹಳ ಓದಿಕೊಂಡಿದ್ದವರು. ಕಮೂ 1942ರಲ್ಲಿ ಸಿಸಿಫಸ್‌ನ ಬಗ್ಗೆಯೇ ಒಂದು ಪುಸ್ತಕ ಬರೆದು, ಅರ್ಥವಿಲ್ಲದ ಜಗತ್ತಿನಲ್ಲಿ ಬದುಕುವ ಮನುಷ್ಯನ ಪ್ರತಿಮೆಯನ್ನಾಗಿ ಅವನನ್ನು ನಿಲ್ಲಿಸಿದ್ದ. ಹೀಗಿರುವಾಗ ಮರಳಿನ ದೃಶ್ಯವನ್ನು ಮನುಷ್ಯಸ್ಥಿತಿಯ ಅಸಂಗತತೆಯೆಂದು ಓದಿದರೆ ತಪ್ಪೇನು ಎಂದು ಕೇಳಬಹುದು. ಕಮೂವಿನ ಪ್ರಭಾವವನ್ನು ಅಲ್ಲಗಳೆಯುವ ಅಗತ್ಯ ನನಗಿಲ್ಲ. ಆದರೆ ಅಸಂಗತತೆಗೆ ಕರ್ತೃವಿಲ್ಲ; ಸಿಸಿಫಸ್‌ನ ದೇವರುಗಳು ಕಮೂವಿಗೆ ಒಂದು ನೆಪ ಮಾತ್ರ. ಇಲ್ಲಿ ಶಿಕ್ಷೆ ಕೊಟ್ಟವನಿಗೆ ಅಡ್ಡಹೆಸರಿದೆ, ಅವನಿಗೆ ಸಂಬಳ ಕೊಡುವ ಸರ್ಕಾರವಿದೆ, ಸರ್ಕಾರಕ್ಕೆ ಕಾಯಿದೆ ಪುಸ್ತಕವಿದೆ. ಹೊದೋಶೆ ಒಮ್ಮೆಯೂ ರಂಗಕ್ಕೆ ಬರುವುದಿಲ್ಲ, ಆದರೂ ಕೈದಿಗಳ ಮೈ ಅವನ ಏಟಿಗೆ ಬಾಗುತ್ತದೆ, ಅವನ ಅಣತಿಗೆ ತಿರುಗುತ್ತದೆ. ಅವನನ್ನು ವಿಧಿಯೆಂದು ಕರೆದರೆ ಅವನು ಉತ್ತರ ಕೊಡುವುದರಿಂದ ತಪ್ಪಿಸಿಕೊಂಡಂತಾಗುತ್ತದೆ. ಇನ್ನೂ ಮುಖ್ಯವಾದ ಮಾತೆಂದರೆ, ಕಮೂವಿನ ಸಿಸಿಫಸ್ ತನ್ನ ಬಂಡೆಯನ್ನು ತನ್ನದೆಂದು ಒಪ್ಪಿಕೊಂಡು ಒಳಗೊಳಗೇ ಗೆಲ್ಲಬಲ್ಲ. ಜಾನ್‌ಗೆ ಆ ದಾರಿಯಿಲ್ಲ. ಅವನು ತನ್ನ ಕೆಲಸವನ್ನು ಮನಸಾರೆ ಒಪ್ಪಿಕೊಂಡ ಕ್ಷಣ ವಿನ್‌ಸ್ಟನ್‌ನ ಗುಂಡಿ ಇನ್ನಷ್ಟು ಬೇಗ ತುಂಬುತ್ತದೆ. ಒಂಟಿ ಮನುಷ್ಯನ ಘನತೆಯ ತತ್ತ್ವ ಇಬ್ಬರಿದ್ದಲ್ಲಿ ಕೈಕೊಡುತ್ತದೆ.

ಮೂರನೆಯದು ರಂಗಕರ್ಮಿಗಳು ಎತ್ತಬಹುದಾದ ಪ್ರಶ್ನೆ. ದುಡ್ಡಿಲ್ಲದ ತಂಡ, ಊರೂರು ಅಲೆಯಬೇಕಾದ ಪ್ರಯೋಗ, ಪೊಲೀಸರು ಬಂದರೆ ಕ್ಷಣದಲ್ಲಿ ಜಾಗ ಖಾಲಿ ಮಾಡಬೇಕಾದ ಪರಿಸ್ಥಿತಿ: ಇಂಥಲ್ಲಿ ಮರಳನ್ನೂ ಗಾಡಿಯನ್ನೂ ಅಭಿನಯಿಸಿ ತೋರಿಸಿದ್ದು ಅನಿವಾರ್ಯ, ಅದಕ್ಕೆ ಸಂಕೇತದ ಭಾರವೇಕೆ? ಕಾರಣ ಬೇರೆ, ಅರ್ಥ ಬೇರೆ ಎಂಬುದು ಇದಕ್ಕೆ ಉತ್ತರ. ಯಕ್ಷಗಾನದ ಬರಿಯ ರಂಗಸ್ಥಳದಲ್ಲಿ ಕಾಡು, ಕೋಟೆ, ಕಡಲು ಎಲ್ಲವನ್ನೂ ಹೆಜ್ಜೆ ಮತ್ತು ಅಭಿನಯದಲ್ಲೇ ಕಂಡ ಕನ್ನಡದ ಪ್ರೇಕ್ಷಕನಿಗೆ, ವಸ್ತುವಿಲ್ಲದಿರುವುದು ಕೊರತೆಯಾಗಿಯೇ ಉಳಿಯಬೇಕಿಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಾಣದ ಮರಳು ಎರಡು ಸಂಗತಿಗಳನ್ನು ಸಾಧಿಸುತ್ತದೆ. ವಸ್ತು ಇಲ್ಲದಿರುವುದರಿಂದ ನೋಡುವವರ ಕಣ್ಣು ವಸ್ತುವಿನ ಮೇಲೆ ನಿಲ್ಲದೆ, ಮೈಯಿಂದ ಮೈಗೆ, ಒಬ್ಬನ ದಣಿವಿನಿಂದ ಇನ್ನೊಬ್ಬನ ದಣಿವಿಗೆ ಓಡಾಡುತ್ತದೆ. ಅಂದರೆ ಸಂಬಂಧವೇ ದೃಶ್ಯವಾಗುತ್ತದೆ. ಜೊತೆಗೆ, ಸುರಿದ ನಿಜವಾದ ಮರಳು ಗುಡ್ಡೆಯಾಗಿ ರಂಗದ ಮೇಲೆ ಉಳಿದು, ದುಡಿಮೆಗೆ ಏನೋ ಫಲ ಬಂದಂತೆ ಕಾಣುತ್ತಿತ್ತು. ಅಭಿನಯದ ಮರಳು ಏನನ್ನೂ ಉಳಿಸುವುದಿಲ್ಲ.

ಕೋಣೆಯೊಳಗಿನ ದೃಶ್ಯಗಳು ಈ ಓದಿಗೆ ಬಲ ಕೊಡುತ್ತವೆ. ಕೋಣೆ ಎಂದರೆ ರಂಗದ ನಡುವಿನ ಒಂದು ಪುಟ್ಟ ಎತ್ತರದ ಜಾಗ. ಅದರಲ್ಲಿ ಹೊದಿಕೆ, ಚಾಪೆ, ನೀರಿನ ಬಕೆಟ್ಟು, ತಗಡಿನ ಲೋಟ. ಮರಳಿನ ಶಿಕ್ಷೆ ಮುಗಿಸಿ ಇಲ್ಲಿ ಬಿದ್ದವರು ಮೊದಲು ಮಾಡುವ ಕೆಲಸ ಒಬ್ಬರ ಗಾಯವನ್ನೊಬ್ಬರು ನೋಡುವುದು. ಖಾಲಿ ಲೋಟವನ್ನು ಟೆಲಿಫೋನು ಮಾಡಿಕೊಂಡು ಜಾನ್ ನ್ಯೂ ಬ್ರೈಟನ್ನಿನ ಗೆಳೆಯನೊಡನೆ ಮಾತಾಡುತ್ತಾನೆ, ವಿನ್‌ಸ್ಟನ್ ಪಕ್ಕದಿಂದ ಇದನ್ನು ಕೇಳು ಅದನ್ನು ಕೇಳು ಎನ್ನುತ್ತಾನೆ. ಇದೂ ಇಲ್ಲದ ವಸ್ತುವಿನ ಅಭಿನಯವೇ. ಆದರೆ ಮರಳಿನ ಆಟವನ್ನು ಆಡಿಸಿದವನು ವಾರ್ಡರ್, ಫೋನಿನ ಆಟ ಅವರದೇ. ಅಲ್ಲಿ ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಕೆಡವಿದರೆ ಇಲ್ಲಿ ಒಬ್ಬ ಶುರುಮಾಡಿದ್ದನ್ನು ಇನ್ನೊಬ್ಬ ಬೆಳೆಸುತ್ತಾನೆ. ಆಮೇಲೆ ವ್ಯವಸ್ಥೆ ಎರಡನೆಯ ಏಟು ಕೊಡುತ್ತದೆ, ಈ ಸಲ ಕರುಣೆಯ ರೂಪದಲ್ಲಿ. ಮೇಲ್ಮನವಿಯಿಂದ ಜಾನ್‌ನ ಹತ್ತು ವರ್ಷದ ಶಿಕ್ಷೆ ಮೂರಕ್ಕಿಳಿದು, ಇನ್ನು ಮೂರೇ ತಿಂಗಳಲ್ಲಿ ಅವನ ಬಿಡುಗಡೆ. ವಿನ್‌ಸ್ಟನ್‌ನದು ಜೀವಾವಧಿ. ಗೆಳೆಯನ ಸಂತೋಷದಲ್ಲಿ ಮೊದಲು ಪಾಲ್ಗೊಂಡ ವಿನ್‌ಸ್ಟನ್, ಅವನು ದಿನ ಎಣಿಸುತ್ತ ಊರು ಸೇರುವುದನ್ನು ಬಣ್ಣಿಸುತ್ತ ಬಣ್ಣಿಸುತ್ತ ಕಹಿಯಾಗುತ್ತಾನೆ; ಕಣಿಯಲ್ಲಿ ಕಲ್ಲು ಕಡಿಯುತ್ತ ಕಲ್ಲೇ ಆಗಿಹೋದ ಮುದುಕ ಕೈದಿ ಹ್ಯಾರಿಯಲ್ಲಿ ತನ್ನ ನಾಳೆಯನ್ನು ಕಾಣುತ್ತಾನೆ. ಒಬ್ಬನಿಗೆ ಸಿಕ್ಕ ಬಿಡುಗಡೆ ಇನ್ನೊಬ್ಬನ ಬಂಧನವನ್ನು ಇಮ್ಮಡಿ ಮಾಡಿತು. ಎರಡು ಗಾಡಿಗಳ ಲೆಕ್ಕವೇ ಮತ್ತೆ.

ಕೊನೆಯ ದೃಶ್ಯ ಈ ಲೆಕ್ಕವನ್ನು ತಿರುಗಿಸಿ ಹಾಕುತ್ತದೆ. ಸೆರೆಮನೆಯ ಕಾರ್ಯಕ್ರಮಕ್ಕೆ ಇಬ್ಬರೂ ‘ಅಂತಿಗೊನೆ’ಯ ವಿಚಾರಣೆಯನ್ನು ಸಿದ್ಧಮಾಡಿದ್ದಾರೆ. ಪಿ. ಲಂಕೇಶರ ಅನುವಾದದ ಮೂಲಕ ಕನ್ನಡಕ್ಕೂ ಬಂದ ಕತೆ ಅದು: ರಾಜಾಜ್ಞೆ ಮೀರಿ ಅಣ್ಣನ ಹೆಣಕ್ಕೆ ಮಣ್ಣು ಕೊಟ್ಟ ಹೆಣ್ಣನ್ನು ಜೀವಂತ ಗವಿಗೆ ನೂಕುವ ಕತೆ. ಹೆಣ್ಣುವೇಷ ಕಟ್ಟಲು ವಿನ್‌ಸ್ಟನ್‌ಗೆ ನಾಚಿಕೆ, ಎಲ್ಲರೂ ನಗುತ್ತಾರೆಂಬ ಸಿಟ್ಟು. ಜಾನ್ ಆ ಕೃತಕ ಕೂದಲನ್ನು ತಾನೇ ತೊಟ್ಟು ತೋರಿಸಿ, ಮೊದಲು ನಕ್ಕವರೂ ಕೊನೆಗೆ ಕೇಳುತ್ತಾರೆಂದು ಒಪ್ಪಿಸಬೇಕಾಗುತ್ತದೆ. ಜಾನ್ ಆಡುವುದು ಕ್ರಿಯಾನ್ ದೊರೆಯ ಪಾತ್ರ. ಅಂದರೆ ಸದ್ಯದಲ್ಲೇ ಬಿಡುಗಡೆಯಾಗಲಿರುವವನು, ಜೀವಾವಧಿ ಶಿಕ್ಷೆಯ ಗೆಳೆಯನಿಗೆ ಜೀವಂತ ಸಮಾಧಿಯ ತೀರ್ಪು ಓದಬೇಕು. ಮರಳಿನ ದೃಶ್ಯದಲ್ಲಿದ್ದ ಏರ್ಪಾಡೇ ಇದು: ಒಬ್ಬನ ಕೈಯಿಂದ ಇನ್ನೊಬ್ಬನಿಗೆ ಶಿಕ್ಷೆ. ಆದರೆ ಈಗ ಇಬ್ಬರೂ ಕೂಡಿ ಅದನ್ನು ಆರಿಸಿಕೊಂಡಿದ್ದಾರೆ, ತಾಲೀಮು ಮಾಡಿದ್ದಾರೆ. ದೊರೆಯ ಮಾತು ಎಷ್ಟು ಕಠೋರವಾದರೆ ಅಂತಿಗೊನೆಯ ಉತ್ತರಕ್ಕೆ ಅಷ್ಟೇ ನೆಲೆ ಸಿಗುತ್ತದೆ. ತೀರ್ಪಿನ ಬಳಿಕ ವಿನ್‌ಸ್ಟನ್ ಕೂದಲನ್ನು ಕಿತ್ತೊಗೆದು ತನ್ನದೇ ಮುಖದಲ್ಲಿ ಸಭೆಯನ್ನು ಎದುರಿಸುವ ಸ್ಥಿತಿಗೆ ಏರುವುದು ಜಾನ್ ತನ್ನ ಪಾತ್ರವನ್ನು ಪೂರ್ತಿ ನಿರ್ವಹಿಸಿದ್ದರಿಂದಲೇ. ಟಿಕೆಟ್ಟು ಕೊಂಡು ಬಂದ ಪ್ರೇಕ್ಷಕರು ಆ ಹೊತ್ತಿಗೆ ಸೆರೆಮನೆಯ ಸಭಿಕರಾಗಿರುತ್ತಾರೆ, ಕೈದಿಗಳ ನಡುವೆಯೋ ವಾರ್ಡರುಗಳ ನಡುವೆಯೋ ಎಂಬುದನ್ನು ಅವರವರೇ ತೀರ್ಮಾನಿಸಿಕೊಳ್ಳಬೇಕು.

ಆದರೆ ನಾಟಕ ಮುಗಿಯುವುದು ಮತ್ತದೇ ಕೋಳ, ಅದೇ ಓಟದಲ್ಲಿ. ಹಾಗಿದ್ದರೆ ಏನೂ ಬದಲಾಗಲಿಲ್ಲ, ಮರಳಿನ ತರ್ಕವೇ ಗೆದ್ದಿತು ಎನ್ನಬಹುದಲ್ಲವೆ? ಸೆರೆಮನೆಯ ಪಾಡು ಬದಲಾಗಿಲ್ಲ, ಅದು ಸರಿ; ನಾಟಕ ಸುಳ್ಳು ಬಿಡುಗಡೆಯನ್ನು ಮಾರುವುದಿಲ್ಲ. ಆದರೆ ಮೊದಲ ದುಡಿಮೆ ಏನನ್ನೂ ಉಳಿಸಲಿಲ್ಲ, ಕೊನೆಯ ದುಡಿಮೆ ಒಂದು ಪ್ರದರ್ಶನವನ್ನು ಉಳಿಸಿತು, ಸಭೆ ಅದನ್ನು ಕಂಡಿತು. ಚರಿತ್ರೆಯೂ ಇದಕ್ಕೆ ಸಾಕ್ಷಿ. ರಾಬೆನ್ ದ್ವೀಪದಲ್ಲಿ ಕೈದಿಗಳು ನಿಜವಾಗಿ ‘ಅಂತಿಗೊನೆ’ ಆಡಿದ್ದರು. ಒಂದು ಪ್ರಯೋಗದಲ್ಲಿ ತಾನು ಕ್ರಿಯಾನ್ ಆಗಿದ್ದೆನೆಂದು ಮಂಡೇಲಾ ಬರೆದಿದ್ದಾರೆ. ‘ದಿ ಐಲ್ಯಾಂಡ್’ 1973ರ ಕೊನೆಗೆ ಲಂಡನ್ನಿನ ರಾಯಲ್ ಕೋರ್ಟ್ ತಲುಪಿತು, ಮರುವರ್ಷ ನ್ಯೂಯಾರ್ಕ್ ಸೇರಿತು. ಅದಕ್ಕೂ ಅದರ ಜೊತೆಯ ‘ಸಿಜ್ವೆ ಬಾನ್ಸಿ ಈಸ್ ಡೆಡ್’ ನಾಟಕಕ್ಕೂ ಸೇರಿ 1975ರ ಟೋನಿ ಪ್ರಶಸ್ತಿಯನ್ನು ಕಾನಿ ಮತ್ತು ಎನ್‌ಚೋನಾ ಹಂಚಿಕೊಂಡರು. ಅತ್ಯುತ್ತಮ ನಟನೆಂಬ ಒಬ್ಬರ ಪ್ರಶಸ್ತಿಯನ್ನು ಇಬ್ಬರಿಗೆ ಕೊಡಬೇಕಾಯಿತು. 1976ರಲ್ಲಿ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ಕೈ ಪ್ರದೇಶದಲ್ಲಿ ನಾಟಕವಾಡಿದ್ದಕ್ಕೆ ಇಬ್ಬರನ್ನೂ ಸೆರೆಹಿಡಿದರು. ಹೊರದೇಶಗಳ ರಂಗಕರ್ಮಿಗಳು ಪ್ರತಿಭಟಿಸಿದ ಮೇಲೆ ಬಿಟ್ಟರು. ವರ್ಣಭೇದದ ಸರ್ಕಾರ ಈ ಜೋಡಿಯನ್ನು ಅಪಾಯಕಾರಿಯೆಂದು ಗುರುತಿಸಿದ್ದು ಸುಮ್ಮನೆ ಅಲ್ಲ.

ಹೀಗಾಗಿ ಈ ನಾಟಕವನ್ನು ಇಂದು ಎತ್ತಿಕೊಳ್ಳುವ ನಿರ್ದೇಶಕರಿಗೆ ಮೊದಲ ದೃಶ್ಯವೇ ಪರೀಕ್ಷೆ. ಬೇಸರವಾದೀತೆಂದು ಅದನ್ನು ಮೊಟಕುಗೊಳಿಸಿದರೆ ಗೆಳೆಯನ ಮೇಲೆ ಜಾನ್‌ಗೆ ಹುಟ್ಟಿದ ದ್ವೇಷ ನಂಬಲಾಗದ ಮಾತಾಗುತ್ತದೆ. ಇಬ್ಬರ ದುಡಿಮೆಯನ್ನೂ ಒಂದೇ ದಿಕ್ಕಿಗೆ ಹರಿಸಿ ಚೆಂದದ ಚಲನೆಯಾಗಿಸಿದರೆ ಶಿಕ್ಷೆಯ ಬುದ್ಧಿಯೇ ಕಳೆದುಹೋಗುತ್ತದೆ. ಒಬ್ಬನ ಗಾಡಿ ಇನ್ನೊಬ್ಬನ ಗುಂಡಿಗೇ ಹೋಗಬೇಕು, ಅದು ಪ್ರೇಕ್ಷಕನಿಗೆ ನಿಚ್ಚಳವಾಗಿ ತಿಳಿಯುವಷ್ಟು ಹೊತ್ತು ನಡೆಯಬೇಕು. ಏಕೆಂದರೆ ಬಂಧನದ ಬಗ್ಗೆ ಈ ನಾಟಕ ಕಂಡುಕೊಂಡ ಸತ್ಯ ಗೋಡೆ, ಸರಳು, ಬೀಗಗಳದ್ದಲ್ಲ. ಕಾವಲು ಕಾಯುವವರಿಗಿಂತ ಬಂಧಿತರ ಸಂಖ್ಯೆ ಯಾವಾಗಲೂ ಹೆಚ್ಚು. ಆ ಹೆಚ್ಚಿನ ಬಲ ಒಂದಾಗದಂತೆ ನೋಡಿಕೊಳ್ಳಬೇಕಾದರೆ ಒಬ್ಬನ ದುಡಿಮೆ ಇನ್ನೊಬ್ಬನಿಗೆ ಶತ್ರುವಾಗಬೇಕು. ಚಡ್ಡಿ ಮತ್ತು ಪ್ಯಾಂಟು, ಬ್ರೆಡ್ಡು ಕೊಟ್ಟದ್ದು ಮತ್ತು ಕೊಡದಿದ್ದದ್ದು, ಮೂರು ತಿಂಗಳು ಮತ್ತು ಜೀವಾವಧಿ, ಎಲ್ಲದರ ಕೆಲಸವೂ ಅದೇ. ಅದನ್ನು ಅರ್ಥಮಾಡಿಕೊಂಡ ಇಬ್ಬರು, ಬಿಡುಗಡೆ ಸಿಗದಿದ್ದರೂ, ಶಿಕ್ಷೆಯ ಅರ್ಧವನ್ನು ವಾರ್ಡರನಿಗೆ ವಾಪಸು ಮಾಡಬಲ್ಲರು.